ಫಿಜಿ ಭಾಷೆಯಲ್ಲಿ 'ಇಲ್ಲ' ಅನ್ನೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಭಾಷೆ ಕಲಿಯುವವರು ಮೊದಲು 'ನಮಸ್ಕಾರ', 'ಧನ್ಯವಾದ' ಕಲಿಯುತ್ತಾರೆ. ಅದಾದ ಮೇಲೆ ನಿಜವಾಗಿ ಬೇಕಾಗೋದು 'ಇಲ್ಲ', 'ಬೇಡ', 'ಗೊತ್ತಿಲ್ಲ'. ಫಿಜಿ ಭಾಷೆ ಕಲಿಯಲು ಹೊರಟ ಕನ್ನಡದವರು ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೆಲವು ನಾನೇ ಎಡವಿ ಕಲಿತದ್ದು.

ಫಿಜಿಯಲ್ಲಿ ಹಿಂದಿ ಮಾತಾಡುತ್ತಾರಂತಲ್ಲ? ಇದು ಯಾವ ಭಾಷೆ?

ಎರಡೂ ಇವೆ. 1879ರಿಂದ 1916ರವರೆಗೆ ಬ್ರಿಟಿಷರು ಕಬ್ಬಿನ ತೋಟದ ಕೂಲಿಗೆ ಭಾರತದಿಂದ ಸುಮಾರು 60 ಸಾವಿರ ಜನರನ್ನು ಅಲ್ಲಿಗೆ ಸಾಗಿಸಿದರು. ಅವರ ಮಕ್ಕಳು, ಮೊಮ್ಮಕ್ಕಳು ಆಡುವುದು ಫಿಜಿ ಹಿಂದಿ. ಈ ಪುಟದಲ್ಲಿರುವುದು ಅದಕ್ಕಿಂತ ಮೊದಲೇ ಅಲ್ಲಿದ್ದ ದ್ವೀಪದ ಜನರ ಭಾಷೆ. ಸರ್ಕಾರಿ ಲೆಕ್ಕದಲ್ಲಿ ಅದರ ಹೆಸರು ಇತೌಕೆಯ್. ಹವಾಯಿ, ಸಮೋವಾ, ನ್ಯೂಜಿಲೆಂಡಿನ ಮಾವೊರಿ ಭಾಷೆಗಳ ನೆಂಟ. 2013ರ ಸಂವಿಧಾನದ ಪ್ರಕಾರ ಪ್ರೈಮರಿ ಶಾಲೆಗಳಲ್ಲಿ ಇತೌಕೆಯ್ ಮತ್ತು ಫಿಜಿ ಹಿಂದಿ ಎರಡನ್ನೂ ಕಲಿಸಲೇಬೇಕು.

ಓದೋದು ಹೇಗೆ? ಇಂಗ್ಲಿಷ್ ಅಕ್ಷರ ನೋಡಿದರೆ ಒಂದು, ಕೇಳಿದರೆ ಇನ್ನೊಂದು.

ಇದಕ್ಕೊಂದು ಕಥೆ ಇದೆ. 1835ರಲ್ಲಿ ಲಕೆಂಬ ದ್ವೀಪಕ್ಕೆ ಬಂದ ಡೇವಿಡ್ ಕಾರ್ಗಿಲ್, ವಿಲಿಯಂ ಕ್ರಾಸ್ ಎಂಬ ಪಾದ್ರಿಗಳು ಈ ಭಾಷೆಗೆ ಬರಹ ಕೂಡಿಸಿದರು. ಒಂದು ಸದ್ದಿಗೆ ಒಂದೇ ಅಕ್ಷರ ಇರಲಿ ಅನ್ನೋದು ಅವರ ಲೆಕ್ಕ. ಹಾಗಾಗಿ 'ಬಿ' ಅಂತ ಬರೆದಿದ್ದರೆ ಮ್ಬ, 'ಡಿ' ಅಂದರೆ ನ್ದ, 'ಕ್ಯೂ' ಅಂದರೆ ಙ್ಗ, 'ಸಿ' ಅಂದರೆ ಇಂಗ್ಲಿಷಿನ 'ದಿಸ್' ಅನ್ನುವಾಗಿನ ಮೆತ್ತನೆ ದ. ವಿಮಾನ ಇಳಿಯುವ ಊರಿನ ಬೋರ್ಡಿನಲ್ಲಿ ಎನ್, ಎ, ಡಿ, ಐ ಅಂತ ಇರುತ್ತದೆ. ನಾವು 'ನಾಡಿ' ಅಂತ ಓದುತ್ತೇವೆ. ಊರಿನ ಹೆಸರು ನಂದಿ! ನಂದಿಬೆಟ್ಟದ ನಂದಿಯಂತೆಯೇ ಅನ್ನಿ, ತಪ್ಪಾಗಲ್ಲ.

ಇನ್ನು 'ಜಿ' ಅಕ್ಷರ. ಅದು ನಮ್ಮ ಙ. ವರ್ಣಮಾಲೆಯಲ್ಲಿ ಕ ಖ ಗ ಘ ಆದ ಮೇಲೆ ಸುಮ್ನೆ ಕೂತಿರುತ್ತದಲ್ಲ, ಬರೆದು ಬರೆದು ಶಾಲೆಯಲ್ಲಿ ಬೇಜಾರಾಗಿದ್ದ ಅಕ್ಷರ, ಅದಕ್ಕೆ ಇಲ್ಲಿ ಕೊನೆಗೂ ಕೆಲಸ ಸಿಕ್ಕಿದೆ. 'ಅಂಗಡಿ' ಅನ್ನುವಾಗ 'ಗ' ಬರುವ ಮುಂಚೆ ಮೂಗಿನಲ್ಲಿ ಒಂದು ಸದ್ದು ಬರುತ್ತದೆ. ಅಷ್ಟಕ್ಕೇ ನಿಲ್ಲಿಸಿ. ಅದೇ ಙ. ಈ ಪುಟದ ಅತಿ ಮುಖ್ಯ ಪದ 'ಸೆಙ'. ಅದನ್ನು 'ಸೆಗ' ಅಂತಲೂ ಓದಬೇಡಿ, 'ಸೆಂಗ' ಅಂತಲೂ ಓದಬೇಡಿ.

'ಇಲ್ಲ'ಕ್ಕೆ ಒಂದೇ ಪದ ಇದೆಯಾ?

ಬರೀ 'ಇಲ್ಲ' ಅನ್ನಬೇಕಾದರೆ 'ಸೆಙ' ಸಾಕು. ಕೆಲವರು 'ಸೆಙಾಯ್' ಅಂತಲೂ ಹೇಳುತ್ತಾರೆ. 'ಹೂಂ', 'ಹೌದು'ಗೆ 'ಇಯೊ'. ಟೀ ಬೇಕಾ ಅಂದಾಗ ಬೇಡ ಅನ್ನಲು 'ಸೆಙ, ವಿನಾಕ'. ವಿನಾಕ ಅಂದರೆ ಒಳ್ಳೆಯದು, ಧನ್ಯವಾದ ಎರಡೂ.

ಆದರೆ ವಾಕ್ಯದೊಳಗೆ ನಾವು ಮೂರು ಪದ ಬಳಸುತ್ತೇವೆ: ಇಲ್ಲ, ಅಲ್ಲ, ಬೇಡ. ಫಿಜಿಯಲ್ಲಿ ಎರಡೇ. ಇಲ್ಲ ಮತ್ತು ಅಲ್ಲ ಎರಡಕ್ಕೂ 'ಸೆಙ'. 'ಹೋಗಬೇಡ', 'ಅಳಬೇಡ' ಅನ್ನುವ ಬೇಡಕ್ಕೆ 'ಕುವ'. ಇಷ್ಟು ಗಟ್ಟಿಯಾದರೆ ಅರ್ಧ ಕೆಲಸ ಮುಗಿಯಿತು.

ವಾಕ್ಯ ಕಟ್ಟೋದು ಹೇಗೆ?

'ಎ ಲಕೊ' ಅಂದರೆ ಅವನು (ಅಥವಾ ಅವಳು, ಅದು) ಹೋಗುತ್ತಾನೆ. 'ಎ ಸೆಙ ನಿ ಲಕೊ' ಅಂದರೆ ಹೋಗುವುದಿಲ್ಲ. ಕ್ರಿಯಾಪದದ ಮುಂದೆ 'ಸೆಙ ನಿ' ಕೂತಿತು, ಅಷ್ಟೆ.

ಇಂಗ್ಲಿಷ್ ಮೂಲಕ ಕಲಿಯುವವರು 'ಸೆಙ ನಿ' ಎರಡನ್ನೂ ಸೇರಿಸಿ 'ನಾಟ್' ಅಂತ ಬಾಯಿಪಾಠ ಮಾಡುತ್ತಾರೆ. ಮುಂದೆ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಕನ್ನಡದವರಿಗೆ ಆ ಸುತ್ತು ದಾರಿ ಬೇಡ. 'ಹೋಗುವುದಿಲ್ಲ' ಬಿಡಿಸಿ ನೋಡಿ: ಹೋಗುವುದು, ಇಲ್ಲ. ನಾವು ಹೇಳುತ್ತಿರೋದು 'ಹೋಗುವುದು ಅನ್ನೋದು ಇಲ್ಲ' ಅಂತ. ಇಲ್ಲಿ 'ಇಲ್ಲ' ತಾನೇ ಒಂದು ಕ್ರಿಯಾಪದದ ಹಾಗೆ ನಿಂತಿದೆ. 'ಸೆಙ' ಕೂಡ ಹಾಗೇ. ಅದೇ ಮುಖ್ಯ ಕ್ರಿಯಾಪದ. 'ನಿ' ಅನ್ನೋದು ನಮ್ಮ 'ಅನ್ನೋದು', 'ಅಂತ' ಇದ್ದ ಹಾಗೆ, ತನ್ನ ನಂತರ ಬರುವ ವಾಕ್ಯವನ್ನು ಎಳೆದು ತರುವ ಕೊಂಡಿ. 'ಎ ಸೆಙ ನಿ ಲಕೊ': ಇಲ್ಲ. ಏನು ಇಲ್ಲ? ಹೋಗುವುದು. ನಮ್ಮ ವಾಕ್ಯವನ್ನೇ ತಿರುಗಿಸಿ ಹಿಡಿದಂತೆ.

ಕ್ರಿಯಾಪದದ ರೂಪ ಬದಲಾಗುತ್ತದಾ?

ಇಲ್ಲ. ನಮ್ಮಲ್ಲಿ ಹೋಗ್ತಾನೆ, ಹೋಗಲ್ಲ, ಹೋಗಲಿಲ್ಲ, ಹೋಗಿಲ್ಲ, ಹೋಗದೆ ಅಂತ ಹತ್ತು ರೂಪ. ಹಳಗನ್ನಡದಲ್ಲಂತೂ 'ಅರಿಯೆ' ಅಂದರೆ ಸಾಕು, ನಾನು, ಅರಿಯುವುದು, ಇಲ್ಲ ಮೂರೂ ಒಂದೇ ಪದದಲ್ಲಿ. ಫಿಜಿಯಲ್ಲಿ 'ಲಕೊ' ಯಾವಾಗಲೂ 'ಲಕೊ'ವೇ.

'ಸೆಙ ನಿ' ಮತ್ತು 'ಸೆಙ ನ' ನಡುವೆ ಏನು ವ್ಯತ್ಯಾಸ?

ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಾದರೆ ಇದನ್ನು ಓದಿ.

'ನ' ಅನ್ನೋದು ನಾಮಪದದ ಮುಂದೆ ಬರುವ ಗುರುತು. 'ವಾಯ್' ಅಂದರೆ ನೀರು. ಈಗ ಎರಡು ವಾಕ್ಯ ನೋಡಿ. 'ಎ ಸೆಙ ನ ವಾಯ್' ಅಂದರೆ ನೀರಿಲ್ಲ. 'ಎ ಸೆಙ ನಿ ವಾಯ್' ಅಂದರೆ ನೀರಲ್ಲ. ನಲ್ಲಿ ಒಣಗಿದೆ ಅನ್ನೋದಕ್ಕೂ ಲೋಟದಲ್ಲಿರೋದು ಬೇರೇನೋ ಅನ್ನೋದಕ್ಕೂ ನಡುವೆ ಇರೋದು ಒಂದು ಗುಡಿಸು ಮಾತ್ರ.

ಕಾರಣ ಸರಳ. ಮೊದಲನೆಯದರಲ್ಲಿ 'ನೀರು' ಅನ್ನುವ ವಸ್ತುವೇ ಇಲ್ಲ. ಎರಡನೆಯದರಲ್ಲಿ 'ಅದು ನೀರು' ಅನ್ನುವ ಮಾತು ಇಲ್ಲ, ಅಂದರೆ ನಿಜ ಅಲ್ಲ. 'ಎ ವಾಯ್' ಅಂದರೇನೇ 'ಅದು ನೀರು' ಅನ್ನುವ ಪೂರ್ತಿ ವಾಕ್ಯ. ಪೂರ್ತಿ ವಾಕ್ಯವನ್ನು ಎಳೆದು ತರಲು ಕೊಂಡಿ ಬೇಕು, ಅದು 'ನಿ'. ಹಾಗೆಯೇ 'ವುನಿವಾಯ್' ಅಂದರೆ ಡಾಕ್ಟರ್. 'ಎ ಸೆಙ ನಿ ವುನಿವಾಯ್ ಒ ಮೆರೆ' ಅಂದರೆ ಮೆರೆ (ಹೆಂಗಸಿನ ಹೆಸರು) ಡಾಕ್ಟರ್ ಅಲ್ಲ. 'ಎ ಸೆಙ ನ ವುನಿವಾಯ್' ಅಂದರೆ ಡಾಕ್ಟರ್ ಇಲ್ಲ. ಇಲ್ಲ, ಅಲ್ಲ ಎರಡೂ ಇರುವ ಭಾಷೆಯವರಾದ ನಮಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ನಾವು ಪದ ಬದಲಿಸುತ್ತೇವೆ, ಅವರು ಕೊಂಡಿ ಬದಲಿಸುತ್ತಾರೆ.

ಹೇಳಿಕೊಡಬೇಕಿಲ್ಲ ಅಂದೆ, ಆದರೂ ನಾನು ತಪ್ಪಿದೆ. ರಾಜಧಾನಿ ಸುವಾದ ಒಂದು ಸಣ್ಣ ಅಂಗಡಿಯಲ್ಲಿ ಸಂಜೆ ಬ್ರೆಡ್ ಕೇಳಲು ಹೋಗಿದ್ದೆ. ಕಪಾಟು ಖಾಲಿ ಕಂಡಿತು. 'ಬ್ರೆಡ್ ಇಲ್ವಾ?' ಅಂತ ಕೇಳಬೇಕಿತ್ತು. ಬ್ರೆಡ್‌ಗೆ ಅವರು 'ಮಂಡ್ರಾಯ್' ಅನ್ನುತ್ತಾರೆ. ನಾನು ಧೈರ್ಯವಾಗಿ 'ಎ ಸೆಙ ನಿ ಮಂಡ್ರಾಯ್?' ಅಂದೆ. ಅಂಗಡಿಯಾಕೆ ಕೌಂಟರ್ ಕೆಳಗಿಂದ ಒಂದು ಬ್ರೆಡ್ ತೆಗೆದು, ನನ್ನ ಮುಖದ ಮುಂದೆ ಹಿಡಿದು, ತಿರುಗಿಸಿ ತಿರುಗಿಸಿ ತೋರಿಸಿ, 'ಇಯೊ, ಮಂಡ್ರಾಯ್!' ಅಂತ ನಕ್ಕರು. ನಾನು ಕೇಳಿದ್ದು 'ಇದು ಬ್ರೆಡ್ ಅಲ್ವಾ?' ಅಂತ. ಬ್ರೆಡ್ ಅಂತೂ ಸಿಕ್ಕಿತು.

'ನನ್ನ ಹತ್ತಿರ ದುಡ್ಡಿಲ್ಲ' ಅನ್ನೋದು ಹೇಗೆ?

'ಎ ಸೆಙ ನ ನೊಙ್ಗು ಇಲವೊ'. ನೊಙ್ಗು ಅಂದರೆ ನನ್ನ, ಇಲವೊ ಅಂದರೆ ದುಡ್ಡು. ಪದಕ್ಕೆ ಪದ ಇಟ್ಟರೆ 'ಇಲ್ಲ ನನ್ನ ದುಡ್ಡು'. ಇಂಗ್ಲಿಷಿನ 'ಹ್ಯಾವ್' ತರಹದ ಪದ ಹುಡುಕಬೇಡಿ. ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ.

'ನಾನು', 'ನೀನು' ಎಲ್ಲಿ ಬರಬೇಕು?

ಎರಡು ದಾರಿ ಇವೆ. 'ಗೊತ್ತಿಲ್ಲ' ಅನ್ನೋದನ್ನೇ ತಗೊಳ್ಳಿ, ಹೊಸಬರಿಗೆ ದಿನಕ್ಕೆ ಇಪ್ಪತ್ತು ಸಲ ಬೇಕಾಗುವ ಮಾತು. 'ಔ ಸೆಙ ನಿ ಕಿಲಾ' ಅನ್ನಬಹುದು. ಔ ಅಂದರೆ ನಾನು, ಕಿಲಾ ಅಂದರೆ ತಿಳಿದಿರು. ಅಥವಾ 'ಎ ಸೆಙ ನಿಉ ಕಿಲಾ' ಅನ್ನಬಹುದು. ಇಲ್ಲಿ ನಾನು ಅನ್ನೋದು 'ಉ' ಆಗಿ 'ನಿ'ಗೆ ಅಂಟಿಕೊಂಡಿದೆ. ಮೊದಲನೆಯದು ದಿನದ ಮಾತಿನಲ್ಲಿ ಜಾಸ್ತಿ ಕೇಳಿಸುತ್ತದೆ. ಎರಡನೆಯದು ಸ್ವಲ್ಪ ಗಂಭೀರ. ಎರಡನೆಯದನ್ನು ಕೇಳಿದಾಗಲೇ ನನಗೆ ಈ 'ಸೆಙ' ನಿಜಕ್ಕೂ ಕ್ರಿಯಾಪದ ಅಂತ ಖಾತ್ರಿಯಾದದ್ದು. ಅದಕ್ಕೆ ತನ್ನದೇ ಒಂದು 'ಎ' ಇದೆ ನೋಡಿ.

'ನಿನಗೆ ಗೊತ್ತಿಲ್ವಾ?' ಅನ್ನಲು 'ಒ ಸೆಙ ನಿ ಕಿಲಾ?'. ಹಿರಿಯರನ್ನು ಕೇಳುವಾಗ 'ಒ' ಬದಲು 'ನಿ': 'ನಿ ಸೆಙ ನಿ ಕಿಲಾ?'. ನಮ್ಮ ನೀವು ಇದ್ದ ಹಾಗೆ, ಬಹುವಚನವೇ ಗೌರವ. ಮಾತಿನ ಭರದಲ್ಲಿ ಮೊದಲ 'ಎ' ಬಿಟ್ಟುಹೋಗೋದೂ ಉಂಟು, 'ಸೆಙ ನಿ ಮದಾಲ' (ಸ್ಪಷ್ಟ ಇಲ್ಲ, ಏನೋ ಗೊತ್ತಾಗ್ತಿಲ್ಲ) ಅಂತ ಕೇಳಿಸುತ್ತದೆ.

ಒಂದೇ 'ನಿ' ಎಷ್ಟು ಕಡೆ ಬರುತ್ತದೆ ಮಾರಾಯ್ರೆ?

ಸದ್ಯಕ್ಕೆ ಮೂರು ಕಡೆ. 'ಅನ್ನೋದು' ಅನ್ನುವ ಕೊಂಡಿ ಒಂದು. 'ನೀವು' ಇನ್ನೊಂದು. ವುನಿವಾಯ್‌ನ ನಡುವೆ ಇರುವ, ನಮ್ಮ ಷಷ್ಠಿಯ 'ಅ' ಇದ್ದಂತಹ 'ನಿ' ಮೂರನೆಯದು: ವು ಅಂದರೆ ಮೂಲ, ವಾಯ್ ಅಂದರೆ ನೀರು, ಔಷಧಿ. ಔಷಧಿಯ ಮೂಲ ಡಾಕ್ಟರ್! ಎಲ್ಲಿ ಕೂತಿದೆ ಅಂತ ನೋಡಿದರೆ ಯಾವುದು ಅಂತ ತಿಳಿಯುತ್ತದೆ.

ನಿನ್ನೆ ಬರಲಿಲ್ಲ, ನಾಳೆ ಬರಲ್ಲ ಅನ್ನೋದು?

ಕಾಲದ ಗುರುತು 'ಸೆಙ'ಕ್ಕಿಂತ ಮೊದಲು ಬರುತ್ತದೆ, ಕ್ರಿಯಾಪದದ ಹತ್ತಿರ ಅಲ್ಲ. ಮುಗಿದದ್ದಕ್ಕೆ 'ಆ': 'ಎ ಆ ಸೆಙ ನಿ ಲಕೊ ಮಾಯ್ ಒ ಮೆರೆ', ಮೆರೆ ಬರಲಿಲ್ಲ (ಲಕೊಗೆ ಮಾಯ್ ಸೇರಿದರೆ 'ಬರು'). ಮುಂದಿನದ್ದಕ್ಕೆ 'ನಾ': 'ಎನಾ ಸೆಙ ನಿ ತೌ ನ ಉದ', ಮಳೆ ಬರಲ್ಲ. ಉದ ಅಂದರೆ ಮಳೆ. ಉದಕಕ್ಕೂ ಇದಕ್ಕೂ ಸಂಬಂಧ ಏನಿಲ್ಲ, ನೆನಪಿಡಲು ಸುಲಭ ಅಷ್ಟೆ.

'ಸ' ಅಂತ ಒಂದಿದೆ. ಸ್ಥಿತಿ ಬದಲಾಯಿತು ಅನ್ನೋದನ್ನು ತೋರಿಸುತ್ತದೆ. 'ಸ ಸೆಙ ನ ಮಂಡ್ರಾಯ್' ಅಂದರೆ ಇಷ್ಟು ಹೊತ್ತು ಇತ್ತು, ಈಗ ಇಲ್ಲ. ಮಾರ್ಕೆಟ್‌ನಲ್ಲಿ ಇದಕ್ಕಿಂತ ಜಾಸ್ತಿ ಕೇಳಿಸೋದು 'ಸ ಒತಿ', ಮುಗೀತು. ನ್ದಲೊ ಅಂದರೆ ನಮ್ಮ ಕೆಸುವಿನ ಗಡ್ಡೆ, ಅವರಿಗೆ ಅದೇ ಊಟದ ಜೀವ. ಅದರ ಎಲೆ ರೌರೌ, ತೆಂಗಿನಹಾಲಲ್ಲಿ ಬೇಯಿಸುತ್ತಾರೆ. ಪತ್ರೊಡೆ ತಿಂದು ಬೆಳೆದವರಿಗೆ ಆ ಎಲೆಯ ರಾಶಿ ನೋಡಿದರೆ ಮನೆ ನೆನಪಾಗುತ್ತದೆ. ತಡವಾಗಿ ಹೋಗಿ ರೌರೌ ಕೇಳಿದರೆ ಸಿಗೋದು ಅದೇ ಉತ್ತರ: 'ಸ ಒತಿ'.

'ಇನ್ನೂ ಇಲ್ಲ' ಅನ್ನಲು ಬೇರೆ ಪದ ಇದೆಯಂತೆ?

ಹೌದು, ಇಲ್ಲಿ 'ಸೆಙ' ಬರಲ್ಲ. 'ಸೆ ಮ್ಬೆರ' ಅನ್ನಬೇಕು. ಸೆ ಅಂದರೆ ಇನ್ನೂ, ಮ್ಬೆರ ಅಂದರೆ ತಡ. 'ಔ ಸೆ ಮ್ಬೆರ ನಿ ಕನ', ನಾನಿನ್ನೂ ಊಟ ಮಾಡಿಲ್ಲ. 'ಮುಗೀತಾ?' ಅಂತ 'ಸ ಒತಿ?' ಕೇಳಿದರೆ, ಮುಗಿದಿಲ್ಲದಿದ್ದರೆ ಬರೀ 'ಸೆ ಮ್ಬೆರ' ಅಂದರಾಯಿತು.

ಈ ವಾಕ್ಯವನ್ನು ನೋಡಿಕೊಂಡು ಬಳಸಿ. ಹಳ್ಳಿಯಲ್ಲಿ ಊಟದ ಹೊತ್ತಿಗೆ ಮನೆ ಮುಂದೆ ಹಾದುಹೋದರೆ ಒಳಗಿಂದ 'ಮಾಯ್ ಕನ!' ಅಂತ ಕೂಗುತ್ತಾರೆ. ಬನ್ನಿ, ಊಟ ಮಾಡಿ ಅಂತ. ಗುರುತು ಪರಿಚಯ ಬೇಕಿಲ್ಲ. ಆಗ 'ಔ ಸೆ ಮ್ಬೆರ ನಿ ಕನ' ಅಂದಿರೋ, ಮುಗೀತು, ಚಾಪೆಯ ಮೇಲೆ ಕೂರಿಸಿಯೇ ಬಿಡುತ್ತಾರೆ. ಹೊಟ್ಟೆ ತುಂಬಿದ್ದರೆ 'ವಿನಾಕ, ಔ ಸ ಮಮೌ' ಅನ್ನಿ. ಇದರಲ್ಲಿ 'ಇಲ್ಲ'ವೂ ಇಲ್ಲ, 'ಬೇಡ'ವೂ ಇಲ್ಲ. 'ಥ್ಯಾಂಕ್ಸ್, ಹೊಟ್ಟೆ ತುಂಬಿದೆ' ಅಷ್ಟೆ. ನಮ್ಮೂರಲ್ಲಿ 'ಈಗಷ್ಟೇ ಆಯ್ತು' ಅನ್ನುತ್ತೇವಲ್ಲ, ಹಾಗೆ.

'ಮಾಡಬೇಡ' ಅನ್ನೋದು?

'ಕುವ ನಿ'. 'ಕುವ ನಿ ಲಕೊ', ಹೋಗಬೇಡ. 'ಕುವ ನಿ ತಙಿ', ಅಳಬೇಡ. 'ಕುವ ನಿ ರೆರೆ', ಹೆದರಬೇಡ. ಅದೇ ಕೊಂಡಿ, ಅದೇ ಜಾಗ, ಸೆಙ ಬದಲು ಕುವ. ಇದರ ಉದ್ದ ರೂಪ 'ಕಕುವ'. ಫಿಜಿ ಬೈಬಲ್‌ನ ಹತ್ತು ಆಜ್ಞೆಗಳಲ್ಲಿ ಸಾಲುಸಾಲಾಗಿ ಬರೋದು ಇದೇ ಪದ. 'ಮೊ ಕಕುವ ನಿ ಮ್ಬುತಾಕೊ' ಅಂದರೆ ನೀನು ಕದಿಯಬಾರದು.

ಮೆತ್ತಗೆ ಹೇಳಬೇಕಾದರೆ ಮೊದಲು 'ಕೆರೆಕೆರೆ' ಸೇರಿಸಿ, ದಯವಿಟ್ಟು ಅಂತ. 'ಕುವ ಮಂದ' ಅಂದರೆ 'ತಡಿ, ಈಗ ಬೇಡ'.

ಇನ್ನೊಂದು ಕಡೆಯೂ ಕುವ ಬೇಕು. 'ಆಗದಿರಲಿ', 'ಮಾಡದ ಹಾಗೆ' ಅನ್ನುವ ವಾಕ್ಯಗಳಲ್ಲಿ 'ಮೆ' ಅಂತ ಒಂದು ಪದ ಬರುತ್ತದೆ. ಅದರ ಜೊತೆ ಸೆಙ ಹಾಕಬೇಡಿ: 'ಮೆ ಕುವ ನಿ ತಙಿ', ಅಳದಿರಲಿ ಅಂತ. ಹೀಗೆ ನೆನಪಿಡಿ: ಇರೋದನ್ನು ಇದ್ದ ಹಾಗೆ ಹೇಳುವಾಗ ಸೆಙ, ಹೀಗಾಗದಿರಲಿ ಅಂತ ಬಯಸುವಾಗ ಕುವ. ನಮ್ಮ ಇಲ್ಲ ಮತ್ತು ಬೇಡದ ನಡುವಿನ ಗೆರೆಯೂ ಹೆಚ್ಚುಕಮ್ಮಿ ಅಲ್ಲೇ.

'ತಂಬು' ಅಂದರೂ ಬೇಡ ಅಂತಲೇ ಅಲ್ವಾ?

ಅಲ್ಲ. ಅದು ನಿಷೇಧ. ಇಂಗ್ಲಿಷಿನ 'ಟಬೂ' ತೊಂಗಾ ದ್ವೀಪದ 'ತಪು'ವಿನಿಂದ ಹೋದದ್ದು, ಫಿಜಿಯ ತಂಬು ಅದರ ಅಣ್ಣತಮ್ಮ. ಊರಿನ ಮುಖಂಡ ತೀರಿಕೊಂಡರೆ ನೂರು ರಾತ್ರಿ ಒಂದಿಷ್ಟು ಸಮುದ್ರವನ್ನು ತಂಬು ಅಂತ ಬಿಡುತ್ತಾರೆ, ಅಲ್ಲಿ ಯಾರೂ ಮೀನು ಹಿಡಿಯುವಂತಿಲ್ಲ. ಭಾನುವಾರಕ್ಕೆ 'ಸಿಙತಂಬು' ಅನ್ನುತ್ತಾರೆ, ತಂಬು ದಿನ. 'ಕುವ' ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತು. ತಂಬು ಯಾರೂ ಹೇಳದಿದ್ದರೂ ಇರುತ್ತದೆ.

ಆಗಲ್ಲ, ಇಷ್ಟ ಇಲ್ಲ, ಬೇಕಿಲ್ಲ?

'ರವ' ಅಂದರೆ ಆಗು. 'ಎ ಸೆಙ ನಿ ರವ', ಆಗಲ್ಲ. 'ಎ ಸೆಙ ನಿ ರವ ನಿಉ ಲಕೊ', ನನಗೆ ಹೋಗೋಕೆ ಆಗಲ್ಲ. ಎರಡು ಕೊಂಡಿ, ರೈಲು ಡಬ್ಬಿಗಳ ಹಾಗೆ. 'ಔ ಸೆಙ ನಿ ವಿಯ ಕನ', ಊಟ ಮಾಡೋ ಮನಸ್ಸಿಲ್ಲ. 'ಔ ಸೆಙ ನಿ ವಿನಾಕತ', ನನಗದು ಬೇಕಿಲ್ಲ.

ಯಾರೂ ಇಲ್ಲ, ಏನೂ ಇಲ್ಲ, ಒಮ್ಮೆಯೂ ಇಲ್ಲ?

ನ್ದುವ ಅಂದರೆ ಒಂದು. 'ಎ ಸೆಙ ನಿ ನ್ದುವ ಎ ಲಕೊ ಮಾಯ್', ಒಬ್ಬರೂ ಬರಲಿಲ್ಲ. 'ಎ ಸೆಙ ನಿ ನ್ದುವ ನ ಕ', ಏನೂ ಇಲ್ಲ. ಕ ಅಂದರೆ ವಸ್ತು. 'ಸೆಙ ವಕನ್ದುವ', ಒಂದು ಸಲವೂ ಇಲ್ಲ, ಖಂಡಿತ ಇಲ್ಲ. 'ನೋಬಡಿ', 'ನೆವರ್' ತರಹದ ಪ್ರತ್ಯೇಕ ಪದಗಳ ಗೋಜಿಲ್ಲ. 'ಒಬ್ಬರೂ' ಅಂತ ಒಂದನ್ನು ಹಿಡಿದುಕೊಂಡೇ ಇಲ್ಲ ಅನ್ನುವ ನಮ್ಮ ಅಭ್ಯಾಸ ಇಲ್ಲೂ ನಡೆಯುತ್ತದೆ.

'ಅಷ್ಟೇನೂ ಚೆನ್ನಾಗಿಲ್ಲ' ಅನ್ನೋದು?

'ಎ ಸೆಙ ಸೊತಿ ನಿ ವಿನಾಕ'. ಸೆಙ ಮತ್ತು ನಿ ನಡುವೆ 'ಸೊತಿ' ತೂರಿಸಿ. 'ನಾಟ್' ಅಂತ ಬಾಯಿಪಾಠ ಮಾಡಿದವರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಸೆಙ, ನಿ ಬೇರೆ ಬೇರೆ ಅಂತ ಗೊತ್ತಿದ್ದವರಿಗೆ ತೊಂದರೆ ಇಲ್ಲ.

ನಮ್ಮ 'ಅ', 'ನಿರ್' ತರಹ ಪದದ ಮುಂದೆ ಸೇರಿಸುವ ಗುರುತು ಇದೆಯಾ?

ಇದೆ, 'ತವ'. ಕಿಲಾಯ್ ಅಂದರೆ ತಿಳಿದದ್ದು, 'ತವ ಕಿಲಾಯ್' ಅಜ್ಞಾತ. ಮುಂದು ಅಂದರೆ ಕೊನೆಯಾಗು, 'ತವಮುಂದು' ಕೊನೆಯಿಲ್ಲದ್ದು. ಚರ್ಚಿನಲ್ಲಿ, ಬರಹದಲ್ಲಿ ಸಿಗುತ್ತದೆ. ಸಿಕ್ಕ ಸಿಕ್ಕ ಪದಕ್ಕೆಲ್ಲ ನೀವೇ ಅಂಟಿಸಬೇಡಿ.

'ಬರಲ್ವಾ?' ಅಂತ ಕೇಳಿದರೆ ಉತ್ತರ ಹೇಗೆ ಕೊಡಲಿ?

'ನೀನು ಬರಲ್ವಾ?' ಅಂದಾಗ 'ಹೂಂ' ಅಂದರೆ ಕನ್ನಡದಲ್ಲೇ ಒಮ್ಮೊಮ್ಮೆ ಜಗಳ ಆಗುತ್ತದೆ. ಬರೋದಕ್ಕೆ ಹೂಂ ಅಂದೆಯಾ, ಬರದಿರೋದಕ್ಕೆ ಹೂಂ ಅಂದೆಯಾ ಅಂತ. ಒಂಟಿ ಪದ ಬಿಟ್ಟು ಪೂರ್ತಿ ವಾಕ್ಯ ಹೇಳಿ: 'ಔ ಸೆಙ ನಿ ಲಕೊ'. ನೀವೇ ಪ್ರಶ್ನೆ ಕೇಳುವಾಗ 'ಸೆ ಸೆಙ' ಅಂತ ಕೊನೆಗೆ ಸೇರಿಸಿ: 'ಒ ಲಕೊ ಸೆ ಸೆಙ?', ಹೋಗ್ತೀಯೋ ಇಲ್ವೋ? ಈ 'ಸೆ' ಅಂದರೆ 'ಅಥವಾ', ಮೊದಲು ನೋಡಿದ 'ಇನ್ನೂ' ಅಲ್ಲ.

ಉತ್ತರ ಬಾಯಲ್ಲಿ ಬರದೇ ಇರಬಹುದು. ಎದುರಿಗಿದ್ದವರು ಹುಬ್ಬು ಮೇಲೆತ್ತಿದರೆ ಅದು 'ಇಯೊ'. ನಾನು ಮೊದಲ ವಾರ ಪ್ರತಿ ಸಲವೂ ಅವರಿಗೆ ಆಶ್ಚರ್ಯ ಆಗಿದೆ ಅಂದುಕೊಂಡಿದ್ದೆ.

ನೇರವಾಗಿ 'ಸೆಙ' ಅಂದರೆ ಒರಟಾಗುತ್ತದಾ?

ಬಸ್ ಹೋಯ್ತಾ, ಅಂಗಡಿ ತೆರೆದಿದೆಯಾ ಅನ್ನೋದಕ್ಕೆ ಏನೂ ಆಗಲ್ಲ. ಯಾರಾದರೂ ಏನಾದರೂ ಬೇಡಿದಾಗ ವಿಷಯ ಬೇರೆ. 'ದಯವಿಟ್ಟು' ಅನ್ನುವ ಕೆರೆಕೆರೆ ಅಲ್ಲಿ ಒಂದು ಪದ್ಧತಿಯ ಹೆಸರೂ ಹೌದು. ನೆಂಟರು ಬಂದು ವಸ್ತು ಕೇಳಿದರೆ ಇಲ್ಲ ಅನ್ನೋದು ಕಷ್ಟ. ವ್ಯಾಕರಣದಲ್ಲಿ ಇಷ್ಟು ಸಲೀಸಾದ 'ಇಲ್ಲ' ಮನೆ ಬಾಗಿಲಲ್ಲಿ ಬಾಯಿಗೆ ಬರಲ್ಲ. ನಾವೂ 'ನೋಡೋಣ' ಅಂತ ತಾನೇ ಜಾರಿಕೊಳ್ಳೋದು!

ಹಾಗೆ ನೋಡಿದರೆ ದ್ವೀಪದಲ್ಲಿ ನೀವು ಅತಿ ಹೆಚ್ಚು ಕೇಳುವ 'ಸೆಙ' ಖುಷಿಯದ್ದೇ: 'ಸೆಙ ನ ಲೆಙ್ಗ', ತೊಂದರೆ ಇಲ್ಲ, ಪರವಾಗಿಲ್ಲ. ಗಮನಿಸಿದಿರಾ, 'ನ' ಇದೆ, 'ನಿ' ಅಲ್ಲ.

ಎಲ್ಲಾ ದ್ವೀಪಗಳಲ್ಲೂ ಹೀಗೇನಾ?

ಮುನ್ನೂರಕ್ಕೂ ಹೆಚ್ಚು ದ್ವೀಪಗಳಿರುವ ದೇಶ, ಒಂದೇ ತರಹ ಹೇಗಿರುತ್ತದೆ? ಪಾದ್ರಿಗಳು ಅಚ್ಚು ಹಾಕಲು ಆರಿಸಿಕೊಂಡದ್ದು ಮ್ಬೌ ದ್ವೀಪದ ಮಾತನ್ನು. ಶಾಲೆ, ರೇಡಿಯೋ, ಈ ಪುಟ ಎಲ್ಲ ಅದರದ್ದೇ ದಾರಿ. ಈಶಾನ್ಯದ ಕಡೆ, ತವೆಉನಿ ದ್ವೀಪದಲ್ಲಿ, 'ಕ' ನುಂಗಿಬಿಡುತ್ತಾರೆ. ಗಂಟಲಲ್ಲಿ ಒಂದು ತಡೆ ಮಾತ್ರ ಉಳಿಯುತ್ತದೆ. ಅಲ್ಲಿ 'ಕುವ' ಕೇಳಿಸೋದು 'ಉವ' ಅಂತ, 'ಲಕೊ' ಕೇಳಿಸೋದು 'ಲಒ' ಅಂತ. ಪಶ್ಚಿಮದ ಮಾತುಗಳಂತೂ ಮ್ಬೌ ಕಡೆಯವರಿಗೇ ಸುಲಭಕ್ಕೆ ಅರ್ಥ ಆಗಲ್ಲ.

ಇವತ್ತೇ ಬಳಸೋ ಹಾಗೆ ಒಂದು ವಾಕ್ಯ ಕೊಡಿ.

'ವೊಸೊತ ಸಾರ, ಔ ಸೆಙ ನಿ ಕಿಲಾ ನ ವೊಸ ವಕವಿತಿ.' ಕ್ಷಮಿಸಿ, ನನಗೆ ಫಿಜಿ ಭಾಷೆ ಬರಲ್ಲ. ಇದನ್ನು ತಪ್ಪಿಲ್ಲದೆ ಹೇಳಿದರೆ ಯಾರೂ ನಂಬಲ್ಲ, ಮಾತು ಮುಂದುವರಿಸಿಬಿಡುತ್ತಾರೆ. ಆಗ ಉಪಯೋಗಕ್ಕೆ 'ಔ ಸೆಙ ನಿ ಕಿಲಾ' ಹೇಗೂ ಇದೆ.